ಫಲಿತಾಂಶಕ್ಕೆ ಮೊದಲೇ ಬರೆದ ಬ್ಯಾನರ್

ಜನವರಿ 28, ಮಂಗಳವಾರ, ಬೆಳಿಗ್ಗೆ 9.40. ಪೆದ್ರಾ ಮಾನ್ಸಾ ಊರಿನ ಪೊಲೀಸ್ ಠಾಣೆಗೆ ದಮಿಯಾನ ಎಂಬ ಹದಿನೇಳರ ಹುಡುಗಿ ತಾಯಿಯೊಂದಿಗೆ ಬಂದಳು. ಫೋರ್ತಲೇಜಾ ನಗರದ ಮೆಡಿಕಲ್ ಸೀಟಿಗೆ ಸಾಲುವಷ್ಟು ಅಂಕ ಅವಳಿಗೆ ಬಂದಿತ್ತು. ಆ ಬೆಳಿಗ್ಗೆ ಬಂದ ಪಟ್ಟಿಯಲ್ಲಿ ಸಿಕ್ಕಿದ್ದು ಸೋಬ್ರಾಲಿನ ನರ್ಸಿಂಗ್. ಶುಕ್ರವಾರ ಸಂಜೆ 4.52ಕ್ಕೆ, ಗಡುವಿನ ಕೊನೆಯ ದಿನ, ಯಾರೋ ಆನ್‌ಲೈನ್ ಅರ್ಜಿಯಲ್ಲಿ ಅವಳ ಆಯ್ಕೆ ಬದಲಿಸಿದ್ದರು.

"ನೀನೇ ಕೈತಪ್ಪಿ ಒತ್ತಿರಬಹುದಲ್ಲಮ್ಮ?" ಇನ್ಸ್‌ಪೆಕ್ಟರ್ ಇವೊನೆಟಿ ಕೇಳಿದರು.

"ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದಿದೀನಿ ಮೇಡಂ. ಅದೊಂದು ತಪ್ಪಾಗಿ ಒತ್ತುತೀನಾ?"

"ನರ್ಸಿಂಗೂ ಒಳ್ಳೇದೇ ಬಿಡವ್ವ," ಎಂದ ಪೇದೆ ಒಸ್ಮಾರ್.

ತಾಯಿ ತಲೆ ಎತ್ತಲಿಲ್ಲ. "ಫೋರ್ತಲೇಜಾದಲ್ಲಿ ನನ್ನ ತಂಗಿ ಇದಾಳೆ, ಊಟ, ಹಾಸಿಗೆ ಅವಳ ಮನೇಲಿ. ಸೋಬ್ರಾಲಲ್ಲಿ ನಮಗ್ಯಾರಿದಾರೆ ಸಾರ್? ಸೋಮವಾರದಿಂದ ಚಪ್ಪಲಿ ಫ್ಯಾಕ್ಟರಿಗೆ ಹೋಗ್ತಾಳೆ."

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಪ್ರವೇಶ ಕಚೇರಿಯ ಉತ್ತರ ಬಂತು: ಪಾಸ್‌ವರ್ಡ್ ಸರಿಯಾಗಿದೆ, ಬದಲಿಸಿದ್ದು ಎಂದಿನ ಫೋನಿನಿಂದಲೇ, ಈಗ ತಿದ್ದಲಾಗದು. ಆ ಫೋನ್ ದಮಿಯಾನಳದಲ್ಲ, ಗೆಳತಿ ಗ್ರಾಸಿಯೇತೆಯದು. ಇಬ್ಬರೂ ಅದರಲ್ಲೇ ಅರ್ಜಿ ತುಂಬಿದ್ದರು.

"ಅವಳಾ? ಛೆ! ಒಂದನೇ ಕ್ಲಾಸಿಂದ ಒಂದೇ ಬೆಂಚು ಮೇಡಂ. ಅವಳು ಮೆಡಿಕಲ್ ಕೇಳೇ ಇಲ್ಲ. ನನ್ನ ಸೀಟು ಹೋದ್ರೆ ಅವಳಿಗೇನು ಲಾಭ?"

ಇವೊನೆಟಿಗೂ ಅದೇ ಅರ್ಥವಾಗಲಿಲ್ಲ. ಪೇಟೆಯಲ್ಲಿ ಗೆಳೆಯರು ವಾಡಿಕೆಯಂತೆ ಸೀಟು ಸಿಕ್ಕ ಹುಡುಗರ ತಲೆ ಬೋಳಿಸಿ, ಮೊಟ್ಟೆ ಒಡೆದು, ಹಿಟ್ಟು ಎರಚಿ ಕುಣಿಯುತ್ತಿದ್ದರು. ಮನೆಗಳ ಮುಂದೆ ಅಭಿನಂದನೆಯ ಬ್ಯಾನರ್‌ಗಳು ಏರುತ್ತಿದ್ದವು. ಒಸ್ಮಾರನಿಗೂ ಅಕ್ಕನ ಮಗನ ಬ್ಯಾನರ್ ಬರೆಸಬೇಕಿತ್ತು. ಬ್ಯಾನರ್ ಬರೆಯುವವನ ಅಂಗಡಿ ಮುಂದೆ ಜೀಪು ನಿಂತಿತು.

"ನಾಳಿದ್ದು ಬನ್ನಿ, ಉಸಿರಾಡೋಕೂ ಪುರಸೊತ್ತಿಲ್ಲ," ಎಂದ ಅಂಗಡಿಯವ. "ಒಬ್ಬ ಹುಡುಗಿ ಜಾಣೆ ನೋಡಿ, ಶನಿವಾರವೇ ಒಬ್ಬಳೇ ಬಂದು ತನ್ನದೂ ಗೆಳತೀದೂ ಹೆಸರು ಬರೆಸಿಟ್ಲು. ಇನ್ನೂ ಒಯ್ದಿಲ್ಲ."

ಇವೊನೆಟಿ ಸುರುಳಿ ಬಿಚ್ಚಿಸಿದರು. ಕೆಂಪು ಅಕ್ಷರಗಳಲ್ಲಿ: ದಮಿಯಾನ, ಗ್ರಾಸಿಯೇತೆ. ನರ್ಸಿಂಗ್, ಸೋಬ್ರಾಲ್.

ಪಟ್ಟಿ ಬಂದದ್ದು ಮಂಗಳವಾರ. ಶನಿವಾರವೇ ಇದು ಗೊತ್ತಿದ್ದವಳು ಒಬ್ಬಳೇ, ಆಯ್ಕೆ ಬದಲಿಸಿದವಳು. ಮಧ್ಯಾಹ್ನ 1.20ಕ್ಕೆ ಪಂಚನಾಮೆ ಬರೆದು ಬ್ಯಾನರ್ ವಶಪಡಿಸಿಕೊಂಡರು. ಕೇಸು ಬಗೆಹರಿದರೂ ಇವೊನೆಟಿಗೆ ಸಂತೋಷವಾಗಲಿಲ್ಲ.

ಠಾಣೆಗೆ ಕರೆತಂದಾಗ ಗ್ರಾಸಿಯೇತೆ ವಾದಿಸಲಿಲ್ಲ, ಒಪ್ಪಿಕೊಂಡಳು.

"ಯಾಕೆ ಮಾಡಿದೆ?"

"ಸೋಬ್ರಾಲಲ್ಲಿ ರೂಮು ನೋಡಿದ್ದೆ. ಕಿಟಕಿ ಪಕ್ಕದ ಮಂಚ ಅವಳಿಗೆ."

"ಅವಳಿಗೆ ಡಾಕ್ಟರಾಗಬೇಕಿತ್ತು."

"ಡಾಕ್ಟರಾದ್ಮೇಲೆ ನನ್ನ ನೆನಪಿರ್ತಿತ್ತಾ ಮೇಡಂ?"

"ವಯಸ್ಸೆಷ್ಟು?"

"ಹದಿನೆಂಟು. ತುಂಬಿ ಹನ್ನೆರಡು ದಿನ."

ಇನ್ನು ಬಾಲಾಪರಾಧಿಯ ರಿಯಾಯಿತಿಯೂ ಇಲ್ಲ. ಸಂಜೆ 4.30ಕ್ಕೆ ಬಂಧನ ದಾಖಲಿಸುತ್ತ ಇವೊನೆಟಿ ಹೇಳಿದರು, "ಅವಳು ಸೋಬ್ರಾಲಿಗೂ ಬರ್ತಿಲ್ಲ. ಫ್ಯಾಕ್ಟರಿಗೆ ಹೋಗ್ತಾಳೆ."

ಹುಡುಗಿ ವಕೀಲರು ಬೇಕೆನ್ನಲಿಲ್ಲ, ಅಮ್ಮನನ್ನು ಕರೆಸಿ ಎನ್ನಲೂ ಇಲ್ಲ.

"ಆ ಫ್ಯಾಕ್ಟರೀಲಿ ನನಗೂ ಕೆಲಸ ಸಿಗುತ್ತಾ ಮೇಡಂ?"

ಅಪರಾಧದ ಉದ್ದೇಶ ಎಂಬ ಜಾಗದಲ್ಲಿ ಇವೊನೆಟಿ 'ಸ್ನೇಹ' ಎಂದು ಬರೆದು ಸಹಿ ಹಾಕಿದರು.