ಗೇಟಿನ ಹತ್ತಿರ ನಾಲ್ಕು ಗಂಟೆಗೆ

“ಕಣ್ಣು ಮುಚ್ಚಿ.”

ಮೂರು ವರ್ಷದ ಮೇಲೆ ಎದುರಿಗೆ ಸಿಕ್ಕವನು ಆಡಿದ ಮೊದಲ ಮಾತು ಇದು. ಹೇಗಿದ್ದೀಯ ಅನ್ನಲಿಲ್ಲ, ಯಾವಾಗ ಬಂದೆ ಅನ್ನಲಿಲ್ಲ. ಕೈಯಲ್ಲೊಂದು ಕಪ್ಪು ಬಟ್ಟೆಪಟ್ಟಿ, ಕೊರಳಲ್ಲಿ ಸೀಟಿ. ಮುಖವಂತೂ ಕಲ್ಲು.

ಅವಳು ಆ ಹಡಗು ಹತ್ತಿ ಇನ್ನೂ ಎರಡು ಗಂಟೆಯಾಗಿರಲಿಲ್ಲ. ಹದಿನೈದು ಅಂತಸ್ತು, ಮೇಲೆ ಈಜುಕೊಳ, ನಡುವೆ ಸಾವಿರ ಕುರ್ಚಿಯ ನಾಟಕಶಾಲೆ. ಅದೆಲ್ಲ ಪ್ರಯಾಣಿಕರಿಗೆ. ಕೆಲಸದವರ ಪಾಲಿಗೆ ಕೆಳಗಿನ ಅಂತಸ್ತಿನ ಉದ್ದಾನುದ್ದ ಓಣಿ, ಒಂದೇ ಬಣ್ಣದ ನೂರಾರು ಬಾಗಿಲು. ಸಿಬ್ಬಂದಿಯ ಸಮವಸ್ತ್ರ ಹೊಲಿದು ಸರಿಮಾಡುವ ದರ್ಜಿಯಾಗಿ ಅವಳು ಬಂದಿದ್ದಳು. ಹೊಸಬರಿಗೆ ಹಡಗಿನ ದಾರಿ ಕಲಿಸುವ ಟ್ರೈನರ್ ಅವನು.

“ನಿಮ್ಮ ರೂಮಿನಿಂದ ಹೊರಟು, ಗೋಡೆ ಕಂಬಿ ಹಿಡ್ಕೊಂಡು, ನಾಲ್ಕು ನಿಮಿಷದಲ್ಲಿ ಲೈಫ್‌ಬೋಟ್ ಹತ್ರ ಬರಬೇಕು. ಹೊಗೆ ತುಂಬಿದಾಗ ಕಣ್ಣು ಕೆಲಸಕ್ಕೆ ಬರಲ್ಲ. ಎರಡು ಸಲ ಅವಕಾಶ. ಎರಡೂ ಸಲ ತಪ್ಪಿದ್ರೆ ಹಡಗು ಹೊರಡೋ ಮೊದ್ಲು ನೀವು ಇಳೀಬೇಕು.”

ನೀವಂತೆ, ನೀವು... ಅವಳ ಮೈ ಉರಿಯಿತು. ನಲವತ್ತು ದಿನ ‘ನೀನು, ನೀನು’ ಅಂತ ಪ್ರಾಣ ತಿಂದವನಿಗೆ ಈಗ ಬಹುವಚನ ನೆನಪಾಗಿದೆ!

ಅವನ ಬೆರಳು ಅವಳ ಕಣ್ಣಿಗೆ ಪಟ್ಟಿ ಕಟ್ಟಿತು. ಗಂಟು ಒಂದೇ ಸಲಕ್ಕೆ ಬೀಳಲಿಲ್ಲ; ಬಿಚ್ಚಿ ಮತ್ತೆ ಕಟ್ಟಿದ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಕೂತಿದ್ದರಿಂದ ಅದು ಗೊತ್ತಾಗಲಿಲ್ಲ.

ಅವಳು ಎಲ್ಲರಿಗೂ ‘ಯಾವುದೋ ಹಡಗು ಸಿಕ್ತು’ ಅಂತ ಹೇಳಿಕೊಂಡು ಬಂದಿದ್ದಳು. ನಮಗೆ ಸುಳ್ಳೇಕೆ? ಏಜೆನ್ಸಿ ಮುಂದಿಟ್ಟದ್ದು ಮೂರು ಹಡಗು. ಇದರ ಮಾಹಿತಿಪತ್ರದಲ್ಲಿ ಟ್ರೈನರ್ ಅಂತ ಇವನ ಫೋಟೋ ಇತ್ತು. ಇದನ್ನೇ ಆರಿಸಿಕೊಂಡಳು. ಹೊಲಿಗೆ ಅಂಗಡಿ ಮುಚ್ಚಿತ್ತು, ಕೆಲಸ ಬೇಕಿತ್ತು, ಅದು ನಿಜವೇ. ಆದರೆ ಒಂದು ಪ್ರಶ್ನೆ ಅವಳನ್ನು ಮೂರು ವರ್ಷ ನಿದ್ದೆಗೆಡಿಸಿತ್ತು. ಅದನ್ನು ಮುಖಕ್ಕೆ ಮುಖ ಕೊಟ್ಟು ಕೇಳಬೇಕಿತ್ತು.

ಮೂರು ವರ್ಷದ ಹಿಂದೆ ಹಡಗು ಇದೇ ಬಂದರಿನಲ್ಲಿ ನಲವತ್ತು ದಿನ ರಿಪೇರಿಗೆ ನಿಂತಿದ್ದಾಗ ಅವನು ಕೋಟಿನ ಗುಂಡಿ ಹಾಕಿಸಲು ಅವಳ ಅಂಗಡಿಗೆ ಬಂದಿದ್ದ. ಆಮೇಲೆ ಗಟ್ಟಿಯಾಗಿದ್ದ ಗುಂಡಿಗಳನ್ನೂ ಕಿತ್ತುಕೊಂಡು ಬರತೊಡಗಿದ. ಹೊರಡುವ ಹಿಂದಿನ ದಿನ ಹೇಳಿದ್ದ: “ನಾಳೆ ನಾಲ್ಕಕ್ಕೆ ಬಂದರಿನ ಗೇಟ್ ಹತ್ರ ಬಾ. ಬಂದ್ರೆ ನನ್ನ ಮದುವೆ ಆಗೋಕೆ ಒಪ್ಪಿಗೆ ಅಂತ. ಬರ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ನಿನ್ನ ಪೀಡಿಸಲ್ಲ.”

ಅವಳು ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಹೋಗಿದ್ದಳು. ಗೇಟಿನಲ್ಲಿ ಯಾರೂ ಇರಲಿಲ್ಲ. ಹಗ್ಗ ಬಿಚ್ಚಿದ ಹಡಗು ದಡ ಬಿಟ್ಟು ಸರಿಯುತ್ತಿತ್ತು. ಹೊರಡೋ ಹೊತ್ತಿಗೇ ಬಾ ಅಂದು ಕಾಲಿಗೆ ಬುದ್ಧಿ ಹೇಳಿದನಲ್ಲ... ಫೋನ್ ಮಾಡಿ ಕೇಳೋಣವೆಂದರೆ ಸ್ವಾಭಿಮಾನ ಬಿಡಬೇಕಲ್ಲ?

“ಶುರು,” ಎಂದ ಅವನು. ಸೀಟಿ ಊದಿದ.

ಅವಳ ಕೈ ಕಂಬಿ ಹಿಡಿದಿತ್ತು, ಮನಸ್ಸು ಮೂರು ವರ್ಷದ ಹಿಂದಿನ ಗೇಟನ್ನು. ಎಡಕ್ಕೆ ತಿರುಗಬೇಕಾದವಳು ಬಲಕ್ಕೆ ತಿರುಗಿದಳು. ಬಿಸಿ ಗಾಳಿ ಬಡಿಯಿತು, ಸೋಪಿನ ವಾಸನೆ ಬಂತು, ಆಮೇಲೆ ಆಳೆತ್ತರದ ಟವೆಲ್ ರಾಶಿಯೊಂದು ದಬದಬನೆ ಮೈಮೇಲೆ ಬಿತ್ತು.

“ಬಾ ತಾಯಿ, ನಿನ್ನೇ ಕಾಯ್ತಿದ್ದೆ,” ಅಂದಿತೊಂದು ಹೆಂಗಸಿನ ದನಿ.

ಹಿಂದೆಯೇ ಬಂದ ಟ್ರೈನರ್ ಪಟ್ಟಿ ಬಿಚ್ಚಿದ. “ತಪ್ಪಿದ್ರಿ. ಇನ್ನೊಂದು ಸಲ, ಮೂರು ಗಂಟೆಗೆ.” ಅಷ್ಟು ಹೇಳಿ ಅವಳ ಮುಖವನ್ನೂ ನೋಡದೆ ಹೋಗಿಬಿಟ್ಟ.

ಟವೆಲ್ ರಾಶಿಯ ಒಡತಿಯನ್ನು ಹಡಗಿನವರೆಲ್ಲ ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿಯೇ ಇದ್ದವಳು. ಇಬ್ಬರೂ ಕೂತು ಟವೆಲ್ ಮಡಚತೊಡಗಿದರು.

“ಅವನ ಮಾತು ಮನಸ್ಸಿಗೆ ಹಚ್ಕೋಬೇಡ. ಪಾಪ, ಇವತ್ತು ಅವನ ತಲೆ ನೆಟ್ಟಗಿಲ್ಲ. ಬೆಳಗ್ಗೆ ಹೊಸಬರ ಪಟ್ಟಿ ನೋಡಿದಾಗಿಂದ ಹೀಗೇ. ಸದ್ಯ, ಇವತ್ತು ರಜೆ ಮೇಲೆ ಇಳ್ಕೊಂಡು ಹೋಗ್ತಾನೆ.”

ಅವಳ ಕೈಯಲ್ಲಿದ್ದ ಟವೆಲ್ ಅರ್ಧಕ್ಕೇ ನಿಂತಿತು. “ಇವತ್ತಾ?”

“ನಾಲ್ಕೂವರೆಗೆ. ಐದಕ್ಕೆ ಹಡಗು ಬಿಡುತ್ತೆ.”

ಅಂದರೆ ಅವನು ಇಳಿಯುವ ದಿನವೇ ಇವಳು ಹತ್ತಿದ್ದು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೈಗಡಿಯಾರ ನೋಡಿಕೊಂಡಳು. “ಈಗ ಎರಡಾಗ್ತಾ ಬಂತು. ಇನ್ನೂ ಟೈಮಿದೆ...”

“ಎರಡೆಲ್ಲಿ, ಮೂರಾಗ್ತಾ ಬಂತು! ಆ ಗಡಿಯಾರ ಒಂದು ಗಂಟೆ ಮುಂದಿಡು ಮಾರಾಯ್ತಿ. ಮುಂದಿನ ಊರಿನ ಟೈಮಿಗೆ ನಿನ್ನೆ ರಾತ್ರಿನೇ ಹಡಗಿನ ಗಡಿಯಾರ ತಿರುಗಿಸಿದ್ದಾರೆ. ದಡದಲ್ಲಿ ಗಂಟೆ ಎಷ್ಟಾದ್ರೂ ಆಗ್ಲಿ, ನಮಗೆ ಹಡಗಿನ ಗಂಟೆನೇ ಗಂಟೆ.”

“ಯಾವಾಗ್ಲೂ ಹೀಗೇನಾ? ಹೊರಡೋ ಹಿಂದಿನ ರಾತ್ರಿನೇ?”

“ಈ ಕಡೆ ಹೋಗುವಾಗ ಪ್ರತಿ ಸಲ. ಊರಿನ ಗಂಟೆ ನಂಬ್ಕೊಂಡು ಹಡಗು ತಪ್ಪಿಸ್ಕೊಂಡೋರು ಎಷ್ಟು ಜನ ಬೇಕು ನಿಂಗೆ?”

ಅವಳು ಟವೆಲ್ ಕೆಳಗಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದಳು. ಆವತ್ತು ಅವನ ನಾಲ್ಕು ಗಂಟೆ, ಊರಿನಲ್ಲಿ ಮೂರು. ಆ ಹೊತ್ತಿನಲ್ಲಿ ಅವಳು ಕನ್ನಡಿ ಮುಂದೆ ಕೂತು ತಲೆ ಬಾಚುತ್ತಿದ್ದಳು... ದೇವರೇ, ಅವನು ಬಂದಿದ್ದನಾ?

“ಏನಾಯ್ತೇ? ಹುಷಾರಿಲ್ವಾ?”

ಅವಳು ಎದ್ದು ಓಡಿದಳು. ಈ ಸಲ ದಾರಿ ತಪ್ಪಲಿಲ್ಲ.

ಅವಳ ರೂಮಿನ ಬಾಗಿಲಲ್ಲಿ ಅವನು ಆಗಲೇ ನಿಂತಿದ್ದ. ಪಕ್ಕದಲ್ಲಿ ಊರಿಗೆ ಹೊರಟ ಸೂಟ್‌ಕೇಸು.

“ಒಂದು ಪ್ರಶ್ನೆ,” ಎಂದಳು ಏದುಸಿರು ಬಿಡುತ್ತಾ. “ಆವತ್ತು ಗೇಟ್ ಹತ್ರ ಎಷ್ಟು ಗಂಟೆಗೆ ಬಂದಿದ್ದೆ?”

ಅವನ ಮುಖ ಬಿಗಿಯಿತು. “ಈಗ ಅದೆಲ್ಲ ಯಾಕೆ?”

“ಹೇಳು.”

“ನಾಲ್ಕಕ್ಕೆ. ನಾಲ್ಕೂಮುಕ್ಕಾಲಿನ ತನಕ ನಿಂತಿದ್ದೆ. ಏಣಿ ಎತ್ತುತ್ತಾರೆ ಅಂತ ಕೂಗಿದ್ಮೇಲೆ ಓಡಿದೆ. ನೀನು ಬರಲಿಲ್ಲ. ಪೀಡಿಸಲ್ಲ ಅಂತ ಮಾತು ಕೊಟ್ಟಿದ್ದೆ, ಪೀಡಿಸಲಿಲ್ಲ. ಸಾಕಾ?”

“ಯಾವ ಗಡಿಯಾರದಲ್ಲಿ ನಾಲ್ಕು?”

ಅವನು ತನ್ನ ಕೈಗಡಿಯಾರ ನೋಡಿದ, ಅವಳದನ್ನು ನೋಡಿದ. ಸೂಟ್‌ಕೇಸಿನ ಮೇಲೆ ಧಪ್ಪನೆ ಕೂತ.

“ನೀನು... ಬಂದಿದ್ಯಾ?”

“ನಿನ್ನ ಹಡಗಿನ ಬೆನ್ನು ನೋಡ್ಕೊಂಡು ಕತ್ತಲಾಗೋ ತನಕ ನಿಂತಿದ್ದೆ.” ಅವಳ ಕಣ್ಣು ತುಂಬಿತು. “ನೀನು ನನ್ನಿಂದ ತಪ್ಪಿಸ್ಕೊಂಡೆ ಅಂದ್ಕೊಂಡಿದ್ದೆ.”

“ದಿನಾ ಹೊಸಬರಿಗೆ ಇದೇ ಪಾಠ ಹೇಳೋನು ನಾನು. ಗಡಿಯಾರ ತಿರುಗಿಸಿ, ಗಡಿಯಾರ ತಿರುಗಿಸಿ ಅಂತ... ನಿನಗೆ ಹೇಳೋದನ್ನೇ ಮರೆತೆ.” ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ನನ್ನ ಕ್ಷಮಿಸಿಬಿಡು.”

ಅವಳು ಅವನ ಕೈ ಸರಿಸಿದಳು. ಬೈಯಬೇಕೆಂದು ಮೂರು ವರ್ಷ ಕೂಡಿಟ್ಟ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

ಓಣಿಯ ಗಡಿಯಾರ ಮೂರು ತೋರಿಸಿತು.

“ಈಗಲೂ ನಾನು ದಾರಿ ತಪ್ಪಿದ್ರೆ?” ಎಂದಳು ಮೆಲ್ಲಗೆ.

“ಇಳೀಬೇಕಾಗುತ್ತೆ. ನನ್ನ ಜೊತೆನೇ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಡಕ್ಕೆ ತಿರುಗಿದರೆ ಆರು ತಿಂಗಳ ಕೆಲಸ. ಬಲಕ್ಕೆ ತಿರುಗಿದರೆ ಇವತ್ತೇ ಇವನು...

“ನಾನೇನೂ ಹೇಳಲ್ಲ,” ಎಂದ ಅವನು. “ನೀನು ಎಲ್ಲಿಗೆ ಬರ್ತೀಯೋ ಅದನ್ನೇ ಬರೀತೀನಿ.”

ಕಣ್ಣಿಗೆ ಪಟ್ಟಿ ಬಿತ್ತು. ಅವಳು ಬಾಗಿಲು ಎಣಿಸುತ್ತಾ ನಡೆದಳು. ಏಳು, ಎಂಟು, ಒಂಬತ್ತು. ಕಂಬಿ ಕವಲೊಡೆಯಿತು. ಬಲಗಡೆಯಿಂದ ಸೋಪಿನ ವಾಸನೆ ಕರೆಯಿತು. ಹಿಂದೆ ಅವನ ಹೆಜ್ಜೆ ನಿಂತದ್ದು ಕೇಳಿಸಿತು. ಅವಳ ಕಾಲು ಅಲ್ಲೇ ನಿಂತಿತು.

ಅಂಗಡಿ ಮುಚ್ಚಿದ ದಿನ ಅಮ್ಮ ಹೇಳಿದ್ದಳು: “ಯಾರಿಗೋಸ್ಕರನೂ ಬೇಡ, ನಿನಗೋಸ್ಕರ ಒಂದು ಸಲ ಹೋಗಿ ಬಾ.”

ಅವಳು ಎಡಕ್ಕೆ ತಿರುಗಿದಳು. ಮೆಟ್ಟಿಲು ಹತ್ತಿದಳು. ಭಾರವಾದ ಬಾಗಿಲು ತಳ್ಳಿದಾಗ ಉಪ್ಪು ಗಾಳಿ ಮುಖಕ್ಕೆ ಬಡಿಯಿತು. ಕೈಗೆ ಲೈಫ್‌ಬೋಟಿನ ತಣ್ಣನೆ ಮೈ ಸಿಕ್ಕಿತು.

ಅವನು ಪಟ್ಟಿ ಬಿಚ್ಚಿದ. ಅವನ ಕೆನ್ನೆ ಒದ್ದೆಯಾಗಿತ್ತು.

“ಮೂರು ನಿಮಿಷ ಐವತ್ತು ಸೆಕೆಂಡು.” ಹಾಳೆಯ ಮೇಲೆ ಸಹಿ ಹಾಕಿದ. “ಬೇಕೂಂತ ತಪ್ಪು ಮಾಡ್ತೀಯೇನೋ ಅಂತ ಆಸೆ ಪಟ್ಟೆ.”

“ನನಗೂ ಆಸೆ ಆಯ್ತು. ಆದ್ರೆ ಆಮೇಲೆ ಜೀವನ ಪೂರ್ತಿ, ನಿನಗೋಸ್ಕರ ಹಡಗು ಇಳಿದೆ ಅಂತ ಹಂಗಿಸ್ತಿದ್ದೆ. ನಿನ್ನ ಕೈಲಿ ಅದನ್ನ ಸಹಿಸೋಕಾಗಲ್ಲ.”

ಅವನು ಅಳುತ್ತಲೇ ನಕ್ಕ. “ಹಾಗಾದ್ರೆ... ಆವತ್ತಿನ ಉತ್ತರ?”

“ಒಪ್ಪಿಗೆ. ಆವತ್ತೂ, ಇವತ್ತೂ.”

ಅವನು ಅವಳ ಎರಡೂ ಕೈ ಹಿಡಿದುಕೊಂಡ. “ಎರಡು ತಿಂಗಳು ರಜೆ. ಆಮೇಲೆ ಇದೇ ಹಡಗಿಗೆ ವಾಪಸ್ ಬರ್ತೀನಿ. ಮೊದ್ಲು ನಿಮ್ಮಮ್ಮನ ಹತ್ರ ಹೋಗ್ತೀನಿ. ಏನಂತ ಹೇಳಲಿ?”

“ನಿಮ್ಮ ಮಗಳು ಪಾಸಾದ್ಲು ಅಂತ ಹೇಳು.”

“ಮತ್ತೆ ನಾನು?”

ಅವಳು ಅವನ ಎದೆಗೆ ಹಣೆ ಒರಗಿಸಿದಳು.

“ನೀನೂ ಪಾಸೇ ಕಣೋ... ಎರಡನೇ ಸಲಕ್ಕೆ.”