ಚುಕ್ಕಿ ಕುಂಟಿದ ಕಾರಣ

ಬಾಳೂರಿನಲ್ಲಿ ಪೊಲೀಸರ ಕುದುರೆಪಡೆ ಪ್ರಾಯೋಗಿಕವಾಗಿ ಶುರುವಾದ ವಾರದಲ್ಲೇ ಚುಕ್ಕಿ ಕುಂಟತೊಡಗಿತು. ಜೀಪು ಹೋಗದ ತೋಟದ ದಾರಿಗಳಲ್ಲಿ ಕಾಫಿ, ಮೆಣಸಿನ ಕಳ್ಳರನ್ನು ಹಿಡಿಯಲೆಂದು ತಂದ ಕುದುರೆಗಳಲ್ಲಿ ಅದೇ ಎಲ್ಲರ ಅಚ್ಚುಮೆಚ್ಚು. ಅದರ ಮೇಲೆ ಸವಾರಿ ಮಾಡುತ್ತಿದ್ದವಳು ಪೇದೆ ಸೌಮ್ಯ. ಹಿಂಗಾಲು ಮಂಡಿಯವರೆಗೂ ಊದಿತ್ತು. ಮೊಳೆ ಚುಚ್ಚಿಲ್ಲ, ಮೂಳೆಯೂ ಮುರಿದಿಲ್ಲವೆಂದು ಡಾಕ್ಟರು ಕೈಚೆಲ್ಲಿದರು.

ಇನ್ಸ್‌ಪೆಕ್ಟರ್ ಅನಿಲ್ ಲಾಯಕ್ಕೆ ಕಾವಲು ಹಾಕಿಸಿ, ಕುದುರೆ ನೋಡಿಕೊಳ್ಳುತ್ತಿದ್ದ ಹಾಲೇಶನನ್ನು ಹೊರಗಟ್ಟಿದರು. ರಜೆ ಸಿಗದೆ ಅವನು ಜಗಳವಾಡಿದ್ದ, ಅನುಮಾನಕ್ಕೆ ಅಷ್ಟು ಸಾಕಾಗಿತ್ತು. ಹಾಲೇಶ ಅಂಥವನಲ್ಲವೆಂದು ಸೌಮ್ಯಳ ಮನಸ್ಸು ಹೇಳುತ್ತಿತ್ತು. ಕಳಸಕ್ಕೆ ಹೋಗಿ ನಿವೃತ್ತ ಸಬ್‌ ಇನ್ಸ್‌ಪೆಕ್ಟರ್ ಮುದ್ದಮ್ಮನವರನ್ನು ಕರೆತಂದಳು. ಜಟಿಲ ಕೇಸುಗಳಲ್ಲಿ ಅವರ ಜೊತೆ ಓಡಾಡಿಯೇ ಅವಳು ಕೆಲಸ ಕಲಿತಿದ್ದು.

ಕುದುರೆಯ ಬಗ್ಗೆ ಯಾರ‍್ಯಾರು ಏನೇನು ಕೇಳಿದರೆಂದು ಮುದ್ದಮ್ಮ ವಿಚಾರಿಸಿದರು. ಸೌಮ್ಯ ನೆನಪಿಸಿಕೊಂಡು ಹೇಳಿದಳು. ಚುಕ್ಕಿಯನ್ನು ದಾನ ಕೊಟ್ಟ ಎಸ್ಟೇಟ್ ಮಾಲೀಕ ರೇಣುಕಪ್ರಸಾದ್, ಸುದ್ದಿ ಪೇಪರಿಗೆ ಬರಬಾರದು ಎಂದಿದ್ದರು. ಅದನ್ನು ಮರಿಯಿಂದ ಸಾಕಿದ ಅವರ ಮಗಳು ಸ್ವಾತಿ ದಿನವೂ ಗೇಟಿಗೆ ಬಂದು ಅಳುತ್ತಿದ್ದಳು. ಕಾವಲಿನವರು ಒಳಗೆ ಬಿಡದಿದ್ದಾಗ, ಗೊರಸಿನ ಮೇಲಿನ ಕೂದಲು ಕತ್ತರಿಸಿ ನೋಡಲು ಹೇಳಿ ಎಂದು ಬೇಡಿದ್ದಳು. ಡಾಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಕತ್ತರಿ ತಗೊಂಡು ಬಾ," ಅಂದರು ಮುದ್ದಮ್ಮ.

ಕೂದಲಿನಡಿ, ಊದಿದ ಚರ್ಮದೊಳಗೆ ಹೂತುಹೋಗಿತ್ತು, ಬಿಗಿದು ಕಟ್ಟಿದ ನೈಲಾನ್ ದಾರ. ಡಾಕ್ಟರು ಬಿಡಿಸುವಾಗ ಚುಕ್ಕಿ ನಡುಗಿತು. ಸೌಮ್ಯ ಅದರ ಕತ್ತು ತಬ್ಬಿ ನಿಂತಳು.

ಸಂಜೆ ಲಾಯದ ಜಗಲಿಯಲ್ಲಿ ಹಾಲೇಶ, ಸ್ವಾತಿ, ಅವಳ ಅಪ್ಪ ಎಲ್ಲರೂ ಸೇರಿದರು. ಮುದ್ದಮ್ಮ ದನಿ ಏರಿಸಲಿಲ್ಲ. ಕುಂಟಲಿ, ಆದರೆ ಗಾಯವಾಗದಿರಲಿ ಎಂದು ಬಯಸುವವರು ಮಾತ್ರ ದಾರ ಕಟ್ಟುತ್ತಾರೆ, ಸೇಡಿದ್ದವನು ಕತ್ತಿ ಹಿಡಿಯುತ್ತಾನೆ ಎಂದು ವಿವರಿಸಿದರು. ಆಮೇಲೆ ಸ್ವಾತಿಯ ಕಡೆ ತಿರುಗಿದರು.

"ಊತ ಮಂಡಿ ತನಕ ಇತ್ತು, ಎಲ್ರೂ ಮಂಡಿ ನೋಡಿದ್ರು. ಗೊರಸಿನ ಹತ್ರ ನೋಡಿ ಅಂದಿದ್ದು ನೀನೊಬ್ಳೇ. ಕುಂಟೋಕೆ ಶುರುವಾದ್ಮೇಲೆ ನೀನು ಒಳಗೇ ಬಂದಿಲ್ವಲ್ಲ, ಮಗಳೇ?"

ಸ್ವಾತಿ ತಲೆ ತಗ್ಗಿಸಿದಳು. "ನನ್ನನ್ನ ಕೇಳ್ದೇನೇ ಅಪ್ಪ ಕೊಟ್ಬಿಟ್ರು. ಬೀಳ್ಕೊಡೋಕೆ ಬಂದಾಗ ಕಟ್ಟಿದೆ. ಕುಂಟಿದ್ರೆ ಬೇಡ ಅಂತ ವಾಪಸ್ ಕಳಿಸ್ತಾರೆ ಅಂದ್ಕೊಂಡೆ. ಬಿಚ್ಚೋಣ ಅಂತ ಬಂದ್ರೆ ಕಾವಲು."

"ನನ್ನ ಹತ್ರ ಹೇಳ್ಬಹುದಿತ್ತಲ್ಲ?" ಸೌಮ್ಯ ಕೇಳಿದಳು.

"ದಿನಾ ಅದಕ್ಕೇ ಬರ್ತಿದ್ದೆ ಅಕ್ಕ. ಬಾಯಿ ಬರ್ಲಿಲ್ಲ."

ರೇಣುಕಪ್ರಸಾದ್ ಮಗಳನ್ನು ನೋಡದೆ ಎದ್ದು ಜೀಪಿನತ್ತ ಹೋದರು. ಅನಿಲ್ ಹಾಲೇಶನ ಕ್ಷಮೆ ಕೇಳಿದರು. ಅವನು ಕುದುರೆಗೆ ನೀರಿಡಲು ಹೊರಟ.

ಗಾಯ ಮಾಯಿತು, ಆದರೆ ಆ ಕಾಲು ಇನ್ನು ಸವಾರರ ಭಾರ ತಡೆಯುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟರು. ಇಲಾಖೆ ಚುಕ್ಕಿಯನ್ನು ಎಸ್ಟೇಟಿಗೆ ವಾಪಸ್ ಕಳಿಸಿತು. ಲಾರಿಯಿಂದ ಅದನ್ನು ಇಳಿಸಿದವಳು ಸೌಮ್ಯಳೇ. ಸ್ವಾತಿ ಓಡಿ ಬಂದು, ಆ ಕಾಲು ಸವರಲು ಬಗ್ಗಿದಳು. ಚುಕ್ಕಿ ಕುಂಟುತ್ತ ಹಿಂದೆ ಸರಿದು ಸೌಮ್ಯಳ ಮಗ್ಗುಲಿಗೆ ಒತ್ತಿಕೊಂಡಿತು.