ಖಾತೆ ಇಲ್ಲದ ಗಣಕ

ವಾಚನಾಲಯದ ವೇದಿಕೆಯ ಮೇಲೆ ನೀಲಾಂಬಿಕಾ ಅಂಗಡಿಯವರು ವರದಿ ಓದುತ್ತಿದ್ದರು. ಬಲಗಿವಿಯಲ್ಲಿ ಕೂತಿದ್ದ ಓದುಕಿವಿ ಒಂದೊಂದೇ ಮಾತನ್ನು ಪಿಸುಗುಟ್ಟುತ್ತಿತ್ತು. ಅವರು ಅದಕ್ಕೆ ಏರಿಳಿತ ಕೂಡಿಸಿ, ನಿಲ್ಲಬೇಕಾದಲ್ಲಿ ನಿಂತು, ಸಭೆಗೆ ದಾಟಿಸುತ್ತಿದ್ದರು. ಓದಿದರೆ ಹೀಗೆ ಓದಬೇಕು ಎಂದು ಜನ ತಲೆದೂಗಿದರು.

ಓದುಕಿವಿ ಎಂದರೆ ಅವರೆಕಾಳಿನಷ್ಟು ಉಪಕರಣ. ಕಣ್ಣು ಯಾವ ಸಾಲಿನ ಮೇಲೆ ನಿಂತಿದೆ ಎಂಬುದನ್ನು ಅದರೊಳಗಿನ ದೃಷ್ಟಿಗ್ರಾಹಿ ಗುರುತಿಸಿ, ಆ ಸಾಲಿನ ಚಿತ್ರವನ್ನು ಲೋಕಜಾಲಕ್ಕೆ ಕಳಿಸುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಮಾತಾಗಿ ಕಿವಿಗೆ ಮರಳುತ್ತದೆ. ಅಕ್ಷರ ಹತ್ತದೆ ಒದ್ದಾಡುವ ಮಕ್ಕಳಿಗೆಂದು ಡಾ. ವಾದಿರಾಜ ಗಲಗಲಿಯವರು ಇದನ್ನು ರೂಪಿಸಿದ್ದರು. ಆದರೆ ಸುಲಭದ ದಾರಿ ಯಾರಿಗೆ ಬೇಡ? ದೊಡ್ಡವರೂ ಹಾಕಿಕೊಂಡರು. ಯಾರಿಗೆ ಓದು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಕೇಳುವ ರೂಢಿಯೇ ತಪ್ಪಿಹೋಯಿತು.

ನೀಲಾಂಬಿಕಾ ಅವರಿಗೆ ಬರುತ್ತಿರಲಿಲ್ಲ. ಬಸವನಕೊಪ್ಪದ ವಾಚನಾಲಯದ ಅಧ್ಯಕ್ಷೆಗೆ ಅಕ್ಷರಜ್ಞಾನವೇ ಇರಲಿಲ್ಲ. ಮೊದಲು ಅಧ್ಯಕ್ಷರಾಗಿದ್ದ ಗಂಡ ತೀರಿಕೊಂಡ ಮೇಲೆ ಸಮಿತಿಯವರು ಹಾರ ಹಾಕಿ ಅವರ ಖುರ್ಚಿಯಲ್ಲಿ ಕೂರಿಸಿದಾಗ, ಒಲ್ಲೆ ಎನ್ನಬೇಕಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಹಾರ ಹಾಕಿಸಿಕೊಳ್ಳುವುದೇ ಸುಲಭವಾಯಿತು. ಅಂದಿನಿಂದ ಪ್ರತಿ ಚಪ್ಪಾಳೆಗೂ ಅವರ ಮೈ ಹಿಡಿಯಷ್ಟಾಗುತ್ತಿತ್ತು.

ಆ ದಿನ ವರದಿ ಮುಗಿಯುತ್ತಲೇ ಗ್ರಂಥಪಾಲ ಫಕೀರೇಶ ಎದ್ದು ನಿಂತು ಠರಾವು ಮಂಡಿಸಿದ. ಬರುವ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರು ಹಿರಿಯರ ಕಾಲದ ಹಾಗೆ ಓದುಕಿವಿ ತೆಗೆದಿಟ್ಟು, ಬರಿಗಣ್ಣಿನಿಂದ ಒಂದು ಪುಟ ಓದಬೇಕು. ಸಭೆ ಹೋ ಎಂದು ಒಪ್ಪಿತು. ನೀಲಾಂಬಿಕಾ ಅವರೂ ಚಪ್ಪಾಳೆ ತಟ್ಟಿದರು, ತಟ್ಟದೆ ಇರುವಂತಿರಲಿಲ್ಲ.

ಕಲಿಯಲೇಬೇಕಿತ್ತು. ಅಕ್ಷರಪಾಠ ಅಡಕವಾಗಿರುವ ಹೊಸ ಗಣಕವನ್ನು ಅವರು ತರಿಸಿಕೊಂಡರು. ತೊಡಕಿದ್ದುದು ಖಾತೆಯದು. ಗಣಕ ಶುರುವಾಗಬೇಕಾದರೆ ಲೋಕಜಾಲದಲ್ಲಿ ಖಾತೆ ತೆರೆಯಬೇಕು. ಖಾತೆ ತೆರೆದು ಯಾರು ಏನೇ ಕಲಿಯಲು ಕೂತರೂ ಬಲ್ಲವರಿಗೆಲ್ಲ ಅಭಿನಂದನೆಯ ಸುದ್ದಿ ಹೋಗುತ್ತದೆ. ಕಲಿಯುವವರಿಗೆ ಹುರುಪು ಬರಲೆಂದು ಮಾಡಿದ ಏರ್ಪಾಟು. ‘ಅಧ್ಯಕ್ಷೆ ನೀಲಾಂಬಿಕಾ ಇಂದು ಅ, ಆ ಕಲಿತರು’ ಎಂದು ಊರಿನ ಕಿವಿಕಿವಿಯಲ್ಲೂ ನುಡಿದರೆ? ನೆನೆದರೇ ಅವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಕಡೆಗೆ ಗಲಗಲಿಯವರಿಗೇ ಹೇಳಿ ಕಳಿಸಿದರು. ನಿವೃತ್ತರಾಗಿ ಊರಿಗೆ ಮರಳಿದ್ದ ಅವರು ಗಂಡನ ಸಹಪಾಠಿ; ನೀಲಾಂಬಿಕಾ ಅವರನ್ನು ಅತ್ತಿಗೆಯೆಂಬ ಸಲುಗೆಯಿಂದ ವೈನಿ ಎನ್ನುತ್ತಿದ್ದರು.

“ಖಾತೆ ಬ್ಯಾಡಂದ್ರ ಯಾಕ ವೈನಿ?” ಎಂದು ಕೇಳಿದರು ಗಲಗಲಿಯವರು, ಗಣಕದ ಮುಂದೆ ಕೂರುತ್ತ.

“ಆತ್ಮಚರಿತ್ರೆ ಬರೀಬೇಕಂತ ಮಾಡೀನ್ರಿ. ಮುಗಿಯೂ ತನಕ ಯಾರಿಗೂ ಗೊತ್ತಾಗಬಾರ್ದು,” ಎಂದರು ನೀಲಾಂಬಿಕಾ. ಬಾಯಿಗೆ ಬಂದ ಸುಳ್ಳು ಇಷ್ಟು ದೊಡ್ಡದಾದೀತೆಂದು ಅವರಿಗೇ ಗೊತ್ತಿರಲಿಲ್ಲ.

“ಅದಕ್ಕೊಂದು ಹಾದಿ ಅದ. ಒಂಟಿಗಣಕ ಅಂತಾರ. ಜಾಲ ಕಡದು ಹಾಕಿದ್ರ ಅದು ಖಾತೆ ಕೇಳೂದಿಲ್ಲ. ನಮ್ಮ ಓದುಕಿವೀನೂ ತಗೀಬೇಕು, ಇಲ್ಲಂದ್ರ ಅದರ ಬೆನ್ನು ಹತ್ತಿ ಜಾಲ ಒಳಗ ಬರ್ತದ. ಒಳಗ ಹೋದ ಮ್ಯಾಲೆ ಗಣಕ ತನ್ನ ಧ್ವನಿಯೊಳಗ ಮಾತಾಡ್ತದ. ಹೊಸ್ತಿಲದಾಗ ಮಾತ್ರ ಮೂಕ, ಬರೇ ಅಕ್ಷರ.”

ಇಬ್ಬರೂ ಓದುಕಿವಿ ತೆಗೆದು ಡಬ್ಬಿಯಲ್ಲಿಟ್ಟರು. ಗಲಗಲಿಯವರು ಜಾಲ ಕಡಿದರು. ಪರದೆ ಬೆಳ್ಳಗಾಗಿ ಅದರ ಮೇಲೆ ನಾಲ್ಕಾರು ಸಾಲು ಅಕ್ಷರ ಮೂಡಿತು; ಕೆಳಗೆ ಎರಡು ಚೌಕ. ಒಂದನ್ನು ಒತ್ತಿದರೆ ಒಂಟಿಗಣಕ, ಇನ್ನೊಂದನ್ನು ಒತ್ತಿದರೆ ಜಾಲ ಮತ್ತೆ ಕೂಡಿಕೊಂಡು ಖಾತೆ ತೆರೆಯುತ್ತದೆ ಎಂದು ಅವರು ವಿವರಿಸಿದರು.

“ಓದಿ ಒತ್ರಿ ವೈನಿ.”

“ಛೇ, ನೀವು ಬಲ್ಲವರು. ನೀವ ಒತ್ರಿ.”

“ಗಣಕ ನಿಮ್ದು. ನಾ ಮುಟ್ಟಿದ್ರ ಸರಿ ಆಗೂದಿಲ್ಲ.”

“ನೀವು ಇರುವಾಗ ನಾ ಮುಂದ ಆಗೂದು ಚಂದ ಕಾಣಂಗಿಲ್ರಿ.”

ಊಟದ ಪಂಕ್ತಿಯಲ್ಲಿ ಕಡೆಯ ಹೋಳಿಗೆಯನ್ನು ಒಬ್ಬರ ಎಲೆಯಿಂದ ಇನ್ನೊಬ್ಬರ ಎಲೆಗೆ ನೂಕುವ ಹಾಗೆ ಈ ಉಪಚಾರ ಬೆಳೆಯಿತು. ಇವರಿಗೆ ಅನುಮಾನ ಬಂದಿದೆ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡರು ನೀಲಾಂಬಿಕಾ. ಅಷ್ಟರಲ್ಲಿ ಗಲಗಲಿಯವರು ಮುಖ ಆಚೆ ತಿರುಗಿಸಿ ಅಂದರು:

“ಚಷ್ಮಾ ಮರತು ಬಂದೀನಿ ವೈನಿ.”

ಆ ಹೊತ್ತಿಗೆ ಚಷ್ಮಾ ಹಾಕುವವರೇ ಉಳಿದಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಕಣ್ಣನ್ನೂ ಸರಿಮಾಡಿಬಿಟ್ಟಿದ್ದರು. ಅದು ನೀಲಾಂಬಿಕಾ ಅವರದೇ ಸುಳ್ಳು. ಓದುಕಿವಿ ಬರುವ ಮುಂಚೆ ಮದುವೆಮನೆಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ ಅದನ್ನು ಹೇಳಿ ಹೇಳಿ ಸವೆಸಿದ್ದರು. ಹೇಳುವಾಗ ಮುಖ ಹೇಗೆ ಆಚೆ ತಿರುಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಈ ದೊಡ್ಡ ಮನುಷ್ಯನನ್ನು ಇನ್ನೂ ಕಾಡುವುದು ಬೇಡ ಎನ್ನಿಸಿತು.

“ಡಾಕ್ಟರ, ನನಗ ಓದಾಕ ಬರಂಗಿಲ್ರಿ,” ಎಂದುಬಿಟ್ಟರು. “ಮೊದಲಿಂದನೂ ಬರಂಗಿಲ್ಲ. ಆತ್ಮಚರಿತ್ರೆ ಅಂದದ್ದು ಸುಳ್ಳ. ಅಕ್ಷರ ಕಲೀಬೇಕಾಗಿತ್ತು.”

ಗಲಗಲಿಯವರು ತಲೆ ತಗ್ಗಿಸಿ ಹೇಳಿದರು: “ನಿಮಗ ಬರಂಗಿಲ್ಲ. ನನಗ ಬರ್ತಿತ್ತು, ಹೋಗ್ಯದ. ಓದುಕಿವಿ ಹಾಕ್ಕೊಂಡು ಅರ್ಧ ಆಯುಷ್ಯ ಆತು. ಈಗ ಅಕ್ಷರ ನೋಡಿದ್ರ ಗುರುತಿನವರ ಮುಖ ಕಂಡಂಗ ಆಗ್ತದ, ಹೆಸರು ನೆನಪಾಗೂದಿಲ್ಲ. ನಾನ ಮಾಡಿದ ಯಂತ್ರ ವೈನಿ. ಯಾರ ಮುಂದ ಹೇಳ್ಲಿ?”

ಪರದೆಯ ಮೇಲೆ ಎರಡು ಚೌಕ ಹಾಗೇ ಇದ್ದವು. ಯಾವುದು ಯಾವುದೆಂದು ಇಬ್ಬರಿಗೂ ತಿಳಿಯದು. ಹೊರಗಿನವರನ್ನು ಕರೆಯೋಣವೆಂದರೆ, ಓದುಕಿವಿ ತೆಗೆದು ಓದಬಲ್ಲೆ ಎಂದು ಖಂಡಿತ ಹೇಳಬಹುದಾದ ಒಬ್ಬರ ಹೆಸರೂ ಅವರಿಗೆ ಹೊಳೆಯಲಿಲ್ಲ.

“ಜಾಲ ಕೂಡಸ್ರಿ,” ಎಂದರು ನೀಲಾಂಬಿಕಾ. “ಖಾತೆ ತಗೀರಿ. ಎಷ್ಟ ದಿನ ಅಂತ ಸೆರಗಿನಾಗ ಕೆಂಡ ಕಟಗೊಂಡು ಕೂಡೂದು?”

ಗಲಗಲಿಯವರು ಕಡಿದ ಜಾಲವನ್ನು ಮತ್ತೆ ಕೂಡಿಸುತ್ತಲೇ ಗಣಕ ಬಾಯಿ ಬಿಟ್ಟಿತು. ಹೆಸರು ಕೇಳಿತು, ಹೇಳಿದರು. ಏನು ಕಲಿಯುವಿರಿ ಎಂದು ಕೇಳಿತು. “ಅಕ್ಷರ,” ಎಂದರು ನೀಲಾಂಬಿಕಾ, ಎರಡನೆಯ ಸಲಕ್ಕೆ ಕೇಳಿಸುವ ಹಾಗೆ. ಜೊತೆಗೆ ಯಾರಾದರೂ ಕಲಿಯುವವರಿದ್ದಾರೆಯೇ ಎಂದಾಗ ಗಲಗಲಿಯವರು ಮುಂದೆ ಬಾಗಿ, ತಮ್ಮ ಪೂರ್ತಿ ಹೆಸರನ್ನು ಡಾಕ್ಟರ್ ಸಮೇತ ಹೇಳಿದರು. ಹೇಳಿ ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಸುದ್ದಿ ಊರಿಗೆ ಹೋಯಿತು. ಈಗ ನಗು ಶುರುವಾಗುತ್ತದೆ ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಾದರು. ಮೊದಲು ಬಂದದ್ದು ಫಕೀರೇಶನ ಫೋನು.

“ಅಕ್ಕಾರ, ಸುದ್ದಿ ಕೇಳಿದೆ, ಭಾಳ ಚಲೋ ಆತ್ರಿ,” ಎಂದ ಗ್ರಂಥಪಾಲ. ಆಮೇಲೆ ದನಿ ತಗ್ಗಿಸಿದ. “ಒಂದ ಮಾತ್ರಿ. ಖಾತೆ ಇಲ್ದ ನಡಿಯೂ ಗಣಕ ಎಲ್ಲ್ಯರ ಸಿಗ್ತೈತೇನ್ರಿ? ನನಗಲ್ರಿ, ನಮ್ಮ ಪೈಕಿ ಒಬ್ಬರಿಗೆ.”

ನೀಲಾಂಬಿಕಾ ಅವರಿಗೆ ನಗಬೇಕೆನಿಸಲಿಲ್ಲ.

“ಸಿಗ್ತೈತಪಾ,” ಎಂದರು. “ಆದ್ರ ಅದನ್ನ ತಗ್ಯಾಕ ಓದಾಕ ಬರಬೇಕು. ನೀ ಇಲ್ಲೇ ಬಾ, ಚಾ ಇಡ್ತೀನಿ.”